ಟೀನ್ ಟೈಟನ್ಸ್ ತಂಡವನ್ನು ಆಟದ ಮೇಜಿಗೆ ತರುವುದು ಹೇಗೆ?

ಪ್ರಶ್ನೆ: ನಾವು ಗೆಳೆಯರು ವಾರಾಂತ್ಯಕ್ಕೆ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಕಥೆ ನಡೆಸುವ ಗೇಮ್ ಮಾಸ್ಟರ್ ನಾನೇ. ಎಲ್ಲರೂ ಚಿಕ್ಕಂದಿನಲ್ಲಿ ಹದಿಹರೆಯದ ಸೂಪರ್‌ಹೀರೋಗಳ ಟೀನ್ ಟೈಟನ್ಸ್ ಕಾರ್ಟೂನ್ ನೋಡಿ ಬೆಳೆದವರು. ಈಗ ಆ ತಂಡವನ್ನೇ ಆಡಬೇಕು ಅಂತ ಆಸೆ. ಆದರೆ ರಾಬಿನ್, ಸ್ಟಾರ್‌ಫೈರ್, ರೇವನ್, ಬೀಸ್ಟ್ ಬಾಯ್, ಅರ್ಧ ಯಂತ್ರವಾದ ಸೈಬಾರ್ಗ್, ಈ ಐವರನ್ನೂ ಅಂಕಿಗೆ ಇಳಿಸಲು ಕೂತರೆ ಲೆಕ್ಕವೇ ಸರಿಹೋಗುತ್ತಿಲ್ಲ. ರಾಬಿನ್‌ಗೆ ಯಾವ ಶಕ್ತಿಯೂ ಇಲ್ಲ, ಸ್ಟಾರ್‌ಫೈರ್ ಹಾರುತ್ತಾಳೆ, ಬೀಸ್ಟ್ ಬಾಯ್ ಯಾವ ಪ್ರಾಣಿ ಬೇಕಾದರೂ ಆಗುತ್ತಾನೆ. ಇವರನ್ನು ಸಮ ಮಾಡುವುದು ಹೇಗೆ? ಯಾವ ಆಟದ ನಿಯಮ ಹಿಡಿಯಬೇಕು? ನಾವೇ ರಾಬಿನ್, ರೇವನ್ ಆಗಿ ಆಡಬಹುದಾ, ಇಲ್ಲ ಹೊಸ ಪಾತ್ರ ಮಾಡಿಕೊಳ್ಳಬೇಕಾ?

ಉತ್ತರ: ಆ ಲೆಕ್ಕದ ಹಾಳೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಸಮ ಮಾಡಲು ಹೊರಟಿರುವುದನ್ನು ಆ ಕಾರ್ಟೂನ್ ಯಾವತ್ತೂ ಸಮ ಮಾಡಲಿಲ್ಲ. ಐವರಲ್ಲಿ ಶಕ್ತಿಯೇ ಇಲ್ಲದವನು ರಾಬಿನ್, ನಾಯಕನೂ ಅವನೇ. ಅದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. 2003ರಿಂದ 2006ರವರೆಗೆ ಐದು ಸೀಸನ್, 65 ಕಂತು ಬಂದವು. ಯಾರ ಗುದ್ದು ಜೋರು ಅನ್ನುವುದರ ಮೇಲೇ ನಿಂತ ಕಂತು ಅದರಲ್ಲಿ ಎಷ್ಟಿದೆ ಹೇಳಿ?

ಮೊದಲ ಸೀಸನ್‌ನಲ್ಲಿ ಸಿಂಡರ್‌ಬ್ಲಾಕ್ ಅನ್ನೋ ಕಾಂಕ್ರೀಟ್ ದೈತ್ಯನ ಜೊತೆ ಒಂದು ಹೊಡೆದಾಟ ಇದೆ. ರಾಬಿನ್ ಮತ್ತು ಸೈಬಾರ್ಗ್ ಇಬ್ಬರೂ ಸೇರಿ 'ಸೋನಿಕ್ ಬೂಮ್' ಹೊಡೆಯಲು ಹೋಗುತ್ತಾರೆ. ಹೊಂದಾಣಿಕೆ ತಪ್ಪಿ ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ. ದೈತ್ಯ ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ನಡೆಯುವುದೇ ನಿಜವಾದ ಕಥೆ. ನಿನ್ನಿಂದ ಆಯ್ತು, ಇಲ್ಲ ನಿನ್ನಿಂದ ಆಯ್ತು ಅಂತ ಕೂಗಾಡಿ, ಸೈಬಾರ್ಗ್ ತಂಡ ಬಿಟ್ಟೇ ಹೋಗುತ್ತಾನೆ. ದೈತ್ಯ ಬಂದದ್ದು ಈ ಜಗಳ ಹಚ್ಚುವುದಕ್ಕೆ ಮಾತ್ರ. ಇದನ್ನು ಆಟದಲ್ಲಿ ಹುಟ್ಟಿಸಲು ಆಗದಿದ್ದರೆ, ನೀವು ಆಡುತ್ತಿರುವುದು ಟೀನ್ ಟೈಟನ್ಸ್ ಅಲ್ಲ, ಅದೇ ಬಣ್ಣದ ಬಟ್ಟೆ ಹಾಕಿಕೊಂಡ ಬೇರೆ ಯಾರನ್ನೋ.

ಇನ್ನೊಂದು ವಿಷಯ ಗಮನಿಸಿದ್ದೀರಾ? ಈ ಮಕ್ಕಳಿಗೆ ಮನೆ ಇಲ್ಲ, ಶಾಲೆ ಇಲ್ಲ, ಅಪ್ಪ ಅಮ್ಮ ಜೊತೆಗಿಲ್ಲ. ಟಿ ಆಕಾರದ ಗೋಪುರದಲ್ಲಿ ತಾವೇ ಇದ್ದಾರೆ. ರಾಬಿನ್‌ನ ಗುರು ಬ್ಯಾಟ್‌ಮ್ಯಾನ್‌ನ ಹೆಸರು ಬರುವುದೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದರೆ ದೊಡ್ಡವರು ಎಲ್ಲಿ? ಹೆಚ್ಚಿನವರು ಖಳರ ಕಡೆ ಇದ್ದಾರೆ. ಸ್ಲೇಡ್‌ಗೆ ಶಿಷ್ಯ ಬೇಕು. ಬ್ರದರ್ ಬ್ಲಡ್ ಒಂದು ಶಾಲೆಯ ಮುಖ್ಯಸ್ಥ. ಟ್ರೈಗಾನ್ ಸಾಕ್ಷಾತ್ ರೇವನ್‌ನ ಅಪ್ಪ. ದೊಡ್ಡ ಖಳ ಬಂದಾಗಲೆಲ್ಲ ಈ ಮಕ್ಕಳಲ್ಲಿ ಒಬ್ಬರ ಮುಂದೆ ನಿಂತು 'ನೀನು ನಿಜವಾಗಿ ಯಾರು ಗೊತ್ತಾ, ನಾನು ಹೇಳ್ತೀನಿ ಕೇಳು' ಅನ್ನುತ್ತಾನೆ. ಅದಕ್ಕೆ ಆ ಹುಡುಗ ಅಥವಾ ಹುಡುಗಿ ಏನು ಉತ್ತರ ಕೊಡುತ್ತಾರೆ ಅನ್ನುವುದೇ ಸೀಸನ್‌ನ ಕಥೆ. ನೀವು ಮೇಜಿಗೆ ತರಬೇಕಾದದ್ದು ಇದನ್ನು. ಉಳಿದದ್ದು ಹೇಗೋ ಆಗುತ್ತದೆ.

ಈಗ ಯಾವ ಆಟ ಅನ್ನುವ ಪ್ರಶ್ನೆ. ಡಿ ಅಂಡ್ ಡಿ ನಿಮಗೆ ಅಭ್ಯಾಸ ಇದೆ, ಆದರೂ ಬೇಡ. ಬೀಸ್ಟ್ ಬಾಯ್‌ನನ್ನು ಡ್ರೂಯಿಡ್, ಅಂದರೆ ಪ್ರಾಣಿರೂಪ ತಾಳಬಲ್ಲ ಪಾತ್ರ, ಮಾಡಿದಿರಿ ಅಂದುಕೊಳ್ಳಿ. 2014ರ ನಿಯಮದಲ್ಲಿ ಡ್ರೂಯಿಡ್ ಒಂದು ವಿಶ್ರಾಂತಿಯಿಂದ ಇನ್ನೊಂದರ ನಡುವೆ ರೂಪ ಬದಲಿಸುವುದು ಎರಡೇ ಸಲ. ನಮ್ಮ ಹಸಿರು ಹುಡುಗ ಒಂದು ಜೋಕ್ ಮುಗಿಸುವಷ್ಟರಲ್ಲಿ ಐದು ಪ್ರಾಣಿ ಆಗಿರುತ್ತಾನೆ. ರೇವನ್‌ನನ್ನು ಮಾಂತ್ರಿಕಳನ್ನಾಗಿ ಮಾಡಿದರೆ ಅವಳ ಮಂತ್ರಗಳು ದಿನದ ಲೆಕ್ಕಕ್ಕೆ ಖಾಲಿಯಾಗುತ್ತವೆ. ಕಾರ್ಟೂನಿನಲ್ಲಿ ಅವಳ ಕಷ್ಟ ಇದರ ತದ್ವಿರುದ್ಧ. ಹಿಡಿತ ತಪ್ಪಿದಷ್ಟೂ ಶಕ್ತಿ ಜಾಸ್ತಿ ಹೊರಬರುತ್ತದೆ. ಜೊತೆಗೆ, ಗೋಡೆ ಒಡೆದುಕೊಂಡು ಆಚೆ ಬಿದ್ದವನು ಮರುಕ್ಷಣ ಎದ್ದು ನಿಲ್ಲುವ ಲೋಕಕ್ಕೆ, ಪೆಟ್ಟು ಬಿದ್ದಷ್ಟೂ ಇಳಿಯುವ ಹಿಟ್ ಪಾಯಿಂಟ್ ಹೊಂದುವುದಿಲ್ಲ.

ನಿಮ್ಮ ಗೆಳೆಯರಿಗೆ ಅಂಕಿ, ಲೆಕ್ಕ, ತಂತ್ರ ಇವೇ ಖುಷಿ ಅಂದರೆ ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಹಿಡಿಯಿರಿ. ಸ್ಟೀವ್ ಕೆನ್ಸನ್ ರೂಪಿಸಿ ಗ್ರೀನ್ ರೋನಿನ್ 2002ರಲ್ಲಿ ತಂದ ಆಟ. ಇದರ ಮೂರನೇ ಆವೃತ್ತಿಯ ನಿಯಮವನ್ನೇ ಬಳಸಿ ಅದೇ ಸಂಸ್ಥೆ ಡಿಸಿ ಕಾಮಿಕ್ಸ್ ಪಾತ್ರಗಳಿಗೆ ಡಿಸಿ ಅಡ್ವೆಂಚರ್ಸ್ ಅಂತ ಅಧಿಕೃತವಾಗಿಯೇ ಹೊರತಂದಿತ್ತು. ನೀವು ಕೇಳಿದ 'ಸಮ ಮಾಡುವುದು ಹೇಗೆ' ಅನ್ನುವುದಕ್ಕೆ ಇದರಲ್ಲಿ ಚೊಕ್ಕ ಉತ್ತರ ಇದೆ. ಪ್ರತಿ ಆಟಕ್ಕೂ ಒಂದು ಪವರ್ ಲೆವೆಲ್, ಅಂದರೆ ಎಲ್ಲರಿಗೂ ಒಂದೇ ಆದ ಶಕ್ತಿಯ ಮಿತಿ, ಇರುತ್ತದೆ. ಹದಿಹರೆಯದವರಿಗೆ 8 ಸಾಕು, ಆಗ ಪಾತ್ರ ಕಟ್ಟಲು ತಲೆಗೆ 120 ಪಾಯಿಂಟ್. ಗುರಿ ಮತ್ತು ಹೊಡೆತದ ಮೊತ್ತ ಆ ಲೆವೆಲ್‌ನ ಎರಡರಷ್ಟನ್ನು, ಅಂದರೆ 16 ಅನ್ನು ಮೀರುವಂತಿಲ್ಲ. ರಾಬಿನ್‌ಗೆ ಗುರಿ 11, ಹೊಡೆತ 5 ಕೊಡಿ. ಸ್ಟಾರ್‌ಫೈರ್‌ಗೆ ಗುರಿ 6, ಹೊಡೆತ 10. ಒಬ್ಬನದು ತಪ್ಪುವುದೇ ಇಲ್ಲ, ಇನ್ನೊಬ್ಬಳದು ತಗುಲಿದರೆ ಕಟ್ಟಡವೇ ಅಲ್ಲಾಡುತ್ತದೆ. ಮೊತ್ತ ಮಾತ್ರ ಎರಡೂ ಕಡೆ ಅಷ್ಟೇ. ರಕ್ಷಣೆಗೂ ಇದೇ ಲೆಕ್ಕ. ರಾಬಿನ್ ತಪ್ಪಿಸಿಕೊಳ್ಳುತ್ತಾನೆ, ಸೈಬಾರ್ಗ್ ತಡೆದುಕೊಳ್ಳುತ್ತಾನೆ. ಬೀಸ್ಟ್ ಬಾಯ್‌ಗೆ ಆರೇಳು ಪ್ರಾಣಿಗಳ ಚೀಟಿ ಮೊದಲೇ ಬರೆದಿಡಿ. ಟಿ ರೆಕ್ಸ್, ಚಿರತೆ, ಗಿಡುಗ, ಗೊರಿಲ್ಲಾ, ಆಕ್ಟೋಪಸ್, ನೊಣ. ಬರೆದಿಡದೆ ಹೋದರೆ ಅವನ ಸರದಿ ಬಂದಾಗಲೆಲ್ಲ ಉಳಿದ ನಾಲ್ವರು ಮೊಬೈಲ್ ನೋಡುತ್ತಾ ಕೂರುತ್ತಾರೆ.

ಅಚ್ಚುಕಟ್ಟಾದ ಆಟ, ಅನುಮಾನವಿಲ್ಲ. ಆದರೆ ಸೈಬಾರ್ಗ್ ಮುನಿಸಿಕೊಂಡು ತಂಡ ಬಿಡುವುದು ಇದರ ಲೆಕ್ಕದಿಂದ ತಾನಾಗಿ ಹುಟ್ಟುವುದಿಲ್ಲ. ಆಡುವವರೇ ನೆನಪಿಟ್ಟುಕೊಂಡು ನಟಿಸಬೇಕು. ಹಾಗಾಗಿ ನನ್ನ ಓಟು ಮಾಸ್ಕ್ಸ್‌ಗೆ. ಬ್ರೆಂಡನ್ ಕಾನ್ವೇ ಬರೆದದ್ದು, ಮ್ಯಾಗ್‌ಪೈ ಗೇಮ್ಸ್ 2016ರಲ್ಲಿ ತಂದದ್ದು. ಹದಿಹರೆಯದ ಸೂಪರ್‌ಹೀರೋ ತಂಡಗಳಿಗೆಂದೇ ಮಾಡಿದ ಆಟ. ಇಪ್ಪತ್ತು ಮುಖದ ದಾಳವೂ ಬೇಡ, ಲೂಡೋ ಡಬ್ಬಿಯಲ್ಲಿರುವಂಥ ಎರಡು ದಾಳ ಸಾಕು. ಎರಡನ್ನೂ ಉರುಳಿಸಿ, ಬಂದ ಮೊತ್ತಕ್ಕೆ ನಿಮ್ಮ ಪಾತ್ರದ ಒಂದು ಅಂಕಿ ಕೂಡಿಸಿ. 10 ಅಥವಾ ಜಾಸ್ತಿ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನಾದರೂ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಗೇಮ್ ಮಾಸ್ಟರ್ ಕೈಗೆ ಸಿಕ್ಕಿಬಿದ್ದಿರಿ ಅಂತ ಅರ್ಥ.

ಕೂಡಿಸುವುದು ಏನನ್ನು? ಇಲ್ಲೇ ಇದರ ಜಾಣತನ ಇರುವುದು. ಬಲ, ಚುರುಕು, ಬುದ್ಧಿ ಅನ್ನುವ ಅಂಕಿಗಳೇ ಇದರಲ್ಲಿಲ್ಲ. ಬದಲಿಗೆ ಐದು ಲೇಬಲ್‌ಗಳಿವೆ: ಡೇಂಜರ್, ಫ್ರೀಕ್, ಸೇವಿಯರ್, ಸುಪೀರಿಯರ್, ಮಂಡೇನ್. ನಾನು ಅಪಾಯಕಾರಿ, ನಾನು ವಿಚಿತ್ರ, ನಾನು ಕಾಪಾಡುವವನು, ನಾನು ಎಲ್ಲರಿಗಿಂತ ಮೇಲು, ನಾನು ಎಲ್ಲರಂತೆ ಸಾಮಾನ್ಯ. ಆ ಮಗು ತನ್ನನ್ನು ತಾನು ಹೇಗೆ ನೋಡಿಕೊಳ್ಳುತ್ತದೆ ಅನ್ನುವುದೇ ಅಂಕಿ. ಅದು -2ರಿಂದ +3ರವರೆಗೆ ಏರಿಳಿಯುತ್ತಲೇ ಇರುತ್ತದೆ. ಏರಿಳಿಸುವವರು ಬೇರೆಯವರು. ನಿಮ್ಮ ಮೇಲೆ ಪ್ರಭಾವ ಇರುವವರು ಬಂದು ನೀನು ಇಂಥವನು ಅಂದರೆ, ಒಪ್ಪಿಕೊಂಡು ಲೇಬಲ್ ಬದಲಿಸಿಕೊಳ್ಳಬೇಕು, ಇಲ್ಲವೇ ದಾಳ ಉರುಳಿಸಿ ತಿರಸ್ಕರಿಸಬೇಕು. ತಿರಸ್ಕರಿಸಲು ಹೋಗಿ ಸೋತರೆ ಮಾತು ಎದೆಗೆ ನಾಟುತ್ತದೆ. ದೊಡ್ಡವರಿಗೆ ಈ ಮಕ್ಕಳ ಮೇಲೆ ಪ್ರಭಾವ ಮೊದಲಿನಿಂದಲೇ ಇರುತ್ತದೆ ಅನ್ನುವುದೂ ನಿಯಮದಲ್ಲೇ ಇದೆ. ಸ್ಲೇಡ್ ರಾಬಿನ್‌ಗೆ 'ನೀನೂ ನನ್ನ ಥರಾನೇ' ಅಂದಾಗ ಏನಾಗಬೇಕು ಅಂತ ನೀವು ಯೋಚಿಸಬೇಕಾಗಿಯೇ ಇಲ್ಲ. ಡೇಂಜರ್ ಒಂದು ಮೇಲೆ, ಸೇವಿಯರ್ ಒಂದು ಕೆಳಗೆ. ಖಳನ ಒಂದು ಮಾತಿಗೆ ಹುಡುಗ ಹೊಡೆಯುವುದರಲ್ಲಿ ಚುರುಕಾದ, ಕಾಪಾಡುವುದರಲ್ಲಿ ಮಂಕಾದ.

ಪೆಟ್ಟಿಗೂ ಹಿಟ್ ಪಾಯಿಂಟ್ ಇಲ್ಲ. ಭಯ, ಕೋಪ, ತಪ್ಪಿತಸ್ಥ ಭಾವ, ಹತಾಶೆ, ಕೀಳರಿಮೆ ಅಂತ ಐದು ಗುರುತುಗಳಿವೆ. ಐದೂ ತುಂಬಿ, ಮೇಲೆ ಇನ್ನೊಂದು ಬಂದರೆ ಆ ದೃಶ್ಯದಿಂದ ಹೊರಗೆ. ಪ್ರತಿ ಗುರುತೂ ಯಾವುದೋ ಒಂದೆರಡು ಕೆಲಸಕ್ಕೆ -2 ಹಾಕುತ್ತದೆ. ಹತಾಶೆ ಬಂದರೆ ಶಕ್ತಿ ಬಳಸುವುದಕ್ಕೇ -2. ಸ್ಟಾರ್‌ಫೈರ್‌ಗೆ ಇದು ಅಳತೆ ತೆಗೆದು ಹೊಲಿದ ಹಾಗಿದೆ. ಅವಳೂ ರೇವನ್ನೂ ದೇಹ ಅದಲು ಬದಲಾಗುವ ಕಂತಿನಲ್ಲಿ ಅವಳೇ ಹೇಳುತ್ತಾಳೆ, ಹಾರಬೇಕಾದರೆ ಒಳಗೆ ಖುಷಿ ಇರಬೇಕು ಅಂತ.

ಆ ಸಿಂಡರ್‌ಬ್ಲಾಕ್ ಹೊಡೆದಾಟವನ್ನೇ ಈಗ ಮಾಸ್ಕ್ಸ್‌ನಲ್ಲಿ ಆಡಿ ನೋಡೋಣ. ತಂಡವಾಗಿ ಕಾಳಗಕ್ಕೆ ಇಳಿದರೆ ಟೀಮ್ ಪೂಲ್‌ಗೆ, ಅಂದರೆ ಎಲ್ಲರೂ ಹಂಚಿಕೊಳ್ಳುವ ಅಂಕಗಳ ರಾಶಿಗೆ, 2 ಬೀಳುತ್ತದೆ. ಎಲ್ಲರ ಉದ್ದೇಶ ಒಂದೇ ಆಗಿದ್ದರೆ ಇನ್ನೊಂದು. ಯಾರಿಗಾದರೂ ನಾಯಕನ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದು ಕಳೆಯಬೇಕು. ಸೈಬಾರ್ಗ್ ಆಡುವವರನ್ನು ಎಲ್ಲರ ಮುಂದೆಯೇ ಕೇಳಿ: ರಾಬಿನ್ ಮೇಲೆ ನಂಬಿಕೆ ಇದೆಯಾ? ಅವರು ಸ್ವಲ್ಪ ತಡವರಿಸಿದರೂ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಸೋನಿಕ್ ಬೂಮ್‌ಗೆ ಸೈಬಾರ್ಗ್ ಶಕ್ತಿ ಬಳಸುತ್ತಾನೆ, ಅಂದರೆ ಫ್ರೀಕ್. ಅವನಿಗೆ ಅದು +1 ಅಂತಿಟ್ಟುಕೊಳ್ಳಿ. ದಾಳದಲ್ಲಿ 2 ಮತ್ತು 3 ಬಿತ್ತು. ಒಟ್ಟು 6, ಕೆಲಸ ಕೆಟ್ಟಿತು. ನೀವು ಹೇಳುತ್ತೀರಿ: ರಾಬಿನ್ ಜಿಗಿದ ಜಾಗಕ್ಕೇ ನೀನೂ ನುಗ್ಗಿದೆ, ಇಬ್ಬರೂ ಡಿಕ್ಕಿ, ದೈತ್ಯನ ಮುಷ್ಟಿ ನಿನ್ನ ಎದೆಗೆ. ಈಗ ಸೈಬಾರ್ಗ್ 'ಜೋರು ಪೆಟ್ಟು ತಡೆದುಕೊಳ್ಳುವ' ದಾಳ ಉರುಳಿಸಬೇಕು. ಇದರಲ್ಲಿ ಕೂಡಿಸುವುದು ಲೇಬಲ್ ಅಲ್ಲ, ಮೈಮೇಲಿರುವ ಗುರುತುಗಳ ಸಂಖ್ಯೆ. ಮತ್ತು ಈ ಒಂದರಲ್ಲಿ ಮಾತ್ರ ಜಾಸ್ತಿ ಬಂದಷ್ಟೂ ಕೆಟ್ಟದ್ದು. ಆಗಲೇ ಕೋಪದ ಗುರುತು ಇದೆ, ಅದು 1. ದಾಳ 4 ಮತ್ತು 3. ಒಟ್ಟು 8. ಪಟ್ಟಿಯಲ್ಲಿರುವ ಆಯ್ಕೆಗಳನ್ನು ಓದಿ ಹೇಳಿ. ಎದುರಾಳಿಗೆ ಅವಕಾಶ ಬಿಟ್ಟುಕೊಡಬಹುದು, ನೋವು ನುಂಗಿ ಎರಡು ಗುರುತು ಹಾಕಿಕೊಳ್ಳಬಹುದು, ಇಲ್ಲವೇ ಬಾಯಿಗೆ ಬಂದಂತೆ ಬೈದು ಜೊತೆಗಾರನಿಗೆ ಒಂದು ಗುರುತು ಹಾಕಬಹುದು.

ಆಟ ಚೆನ್ನಾಗಿ ಬಲ್ಲವರೂ ಇಲ್ಲಿ ಮೂರನೆಯದನ್ನೇ ಆರಿಸುತ್ತಾರೆ, ಯಾಕೆಂದರೆ ತಮ್ಮ ಮೈಗೆ ಅದೇ ಅಗ್ಗ. 'ಅಡ್ಡ ಬಂದಿದ್ದು ನೀನು!' ಅಂತ ಸೈಬಾರ್ಗ್ ಕಿರುಚುತ್ತಾನೆ. ರಾಬಿನ್‌ಗೆ ಕೀಳರಿಮೆಯ ಗುರುತು ಬೀಳುತ್ತದೆ. ಅವನು ಸುಮ್ನೆ ಇರುತ್ತಾನಾ? ಕಾಳಗ ಮುಗಿದ ಮೇಲೆ ಸೈಬಾರ್ಗ್ ತನ್ನ ಕೋಪದ ಗುರುತು ಅಳಿಸಬೇಕಾದರೆ ನಿಯಮ ಏನು ಹೇಳುತ್ತದೆ ಗೊತ್ತಾ? ಯಾರಿಗಾದರೂ ನೋವು ಮಾಡಬೇಕು, ಅಥವಾ ಮುಖ್ಯವಾದ ಏನನ್ನಾದರೂ ಮುರಿಯಬೇಕು. ತಂಡ ಬಿಟ್ಟು ಹೋಗುವುದಕ್ಕಿಂತ ಮುರಿಯುವಂಥದ್ದು ಬೇರೆ ಏನಿದೆ! ಇಲ್ಲಿ ಯಾರೂ ನಟಿಸಲಿಲ್ಲ, ಯಾರೂ ಕಂತನ್ನು ನೆನಪು ಮಾಡಿಕೊಳ್ಳಲಿಲ್ಲ. ದಾಳವೇ ಅಲ್ಲಿಗೆ ಕರೆದುಕೊಂಡು ಹೋಯಿತು.

ಇನ್ನು ಐವರನ್ನು ಕೂರಿಸುವುದು. ಮಾಸ್ಕ್ಸ್‌ನಲ್ಲಿ ಪಾತ್ರಕ್ಕೆ ಪ್ಲೇಬುಕ್ ಅನ್ನುತ್ತಾರೆ. ಒಂದೊಂದೂ ಒಂದು ಬಗೆಯ ಶಕ್ತಿ ಅಲ್ಲ, ಒಂದು ಬಗೆಯ ಸಂಕಟ. ಒಂದೇ ಪ್ಲೇಬುಕ್ಕನ್ನು ಇಬ್ಬರು ತೆಗೆದುಕೊಳ್ಳುವಂತಿಲ್ಲ.

ರಾಬಿನ್ ಪ್ರೊಟೆಜೆ, ಅಂದರೆ ಗುರುವಿನ ಕೈಯಲ್ಲಿ ಪಳಗಿದ ಶಿಷ್ಯ, ಅದರಲ್ಲಿ ಚರ್ಚೆಯೇ ಇಲ್ಲ. ಗುರು ಯಾವ ಲೇಬಲ್ಲನ್ನು ಮೆರೆಸುತ್ತಾನೆ, ಯಾವುದನ್ನು ಅಲ್ಲಗಳೆಯುತ್ತಾನೆ ಅಂತ ಆರಂಭದಲ್ಲೇ ಆರಿಸಬೇಕು. ಮೆರೆಸುವುದು ಸುಪೀರಿಯರ್, ಅಲ್ಲಗಳೆಯುವುದು ಮಂಡೇನ್ ಅಂತ ಇಡಿ. ಸಾಮಾನ್ಯ ಹುಡುಗನಾಗಿರಲು ಬಿಡದ ಗುರು. ಆ ಖಾಲಿ ಜಾಗಕ್ಕೇ ಸ್ಲೇಡ್ ಬಂದು ಕೂರುತ್ತಾನೆ.

ಸ್ಟಾರ್‌ಫೈರ್ ಔಟ್‌ಸೈಡರ್, ಹೊರಗಿನಿಂದ ಬಂದವಳು. ಟಮರಾನ್ ಅನ್ನೋ ತವರು ಗ್ರಹ ಇದೆ, ಬ್ಲ್ಯಾಕ್‌ಫೈರ್ ಅನ್ನೋ ಅಕ್ಕ ಇದ್ದಾಳೆ. ತವರಿನಿಂದ ಕರೆ ಬರಬೇಕು, ಬರುತ್ತಲೇ ಇರಬೇಕು. ಒಂದು ಎಚ್ಚರಿಕೆ. ಕಾರ್ಟೂನಿನಲ್ಲಿ ರಾಬಿನ್, ಸೈಬಾರ್ಗ್, ರೇವನ್, ಬೀಸ್ಟ್ ಬಾಯ್ ನಾಲ್ವರಿಗೂ ತಮ್ಮದೇ ಅನ್ನಬಹುದಾದ ಸೀಸನ್ ಸಿಕ್ಕಿತು, ಎರಡನೇ ಸೀಸನ್‌ನಲ್ಲಿ ತಂಡ ಸೇರಿದ ಟೆರ್ರಾಗೂ ಒಂದು ಸಿಕ್ಕಿತು. ಸ್ಟಾರ್‌ಫೈರ್‌ಗೆ ಸಿಗಲಿಲ್ಲ, ಬಿಡಿ ಕಂತುಗಳಲ್ಲೇ ಅವಳ ಕಥೆ ಮುಗಿಸಿದರು. ಟಿವಿಯಲ್ಲಿ ಅದು ನಡೆಯಿತು. ಮೇಜಿನಲ್ಲಿ ಆ ಪಾತ್ರದ ಹಿಂದೆ ನಿಮ್ಮ ಗೆಳತಿಯೋ ಗೆಳೆಯನೋ ಕೂತಿರುತ್ತಾರೆ, ಅಲ್ವಾ? ಅವರ ಸರದಿಯನ್ನು ನೀವೇ ಮೊದಲು ಬರೆದಿಟ್ಟುಕೊಳ್ಳಿ.

ರೇವನ್ ಡೂಮ್ಡ್, ವಿನಾಶ ಕಾದಿರುವವಳು. ಈ ಪ್ಲೇಬುಕ್ಕನ್ನು ಅವಳನ್ನು ಮುಂದೆ ಕೂರಿಸಿಕೊಂಡೇ ಬರೆದರೇನೋ ಅನ್ನಿಸುತ್ತದೆ. ವಿನಾಶ ಹತ್ತಿರ ಬರಲು ಕಾರಣವಾಗುವ ಎರಡು ಸಂಗತಿ ಆರಿಸಬೇಕು. ಮಿತಿ ಮೀರಿ ಶಕ್ತಿ ಬಳಸುವುದು ಒಂದು, ಪ್ರೀತಿಸುವವರನ್ನೇ ಹೆದರಿಸುವುದು ಇನ್ನೊಂದು. ಇವು ನಡೆದಾಗಲೆಲ್ಲ ಒಂದು ಚೌಕ ತುಂಬುತ್ತದೆ. ಎಲ್ಲ ತುಂಬಿದರೆ ಹೊಸದೊಂದು ಅಪಶಕುನ ಅವಳ ಪಾಲಿಗೆ ಬರುತ್ತದೆ, ಜೊತೆಗೆ ಹೊಸ ಶಕ್ತಿಯೂ. ಪಟ್ಟಿಯ ಕೊನೆಯಲ್ಲಿರುವುದು ಸಾವು. ನಾಲ್ಕನೇ ಸೀಸನ್‌ನಲ್ಲಿ ಅವಳ ಹುಟ್ಟುಹಬ್ಬದ ದಿನ ಸ್ಲೇಡ್ ಮರಳಿ ಬರುತ್ತಾನೆ ನೋಡಿ, ಅದು ಇಂಥ ಒಂದು ಚೌಕ ತುಂಬಿದ ಕ್ಷಣ.

ಸೈಬಾರ್ಗ್ ಟ್ರಾನ್ಸ್‌ಫಾರ್ಮ್ಡ್, ಮೈಯೇ ಬದಲಾಗಿ ಹೋದವನು. ಮೂರನೇ ಸೀಸನ್‌ನಲ್ಲಿ ಬ್ರದರ್ ಬ್ಲಡ್‌ನ ಶಾಲೆಗೆ ಅವನು ಮಾರುವೇಷದಲ್ಲಿ ಹೋಗುತ್ತಾನೆ. ಮನುಷ್ಯನಂತೆ ಕಾಣಿಸುವ ಹೋಲೋಗ್ರಾಮ್ ಉಂಗುರ ಹಾಕಿಕೊಂಡು. ಪತ್ತೇದಾರಿಗೆ ಅಂತ ಹೋದವನಿಗೆ ಕನ್ನಡಿಯಲ್ಲಿ ಕಂಡ ಮುಖ ಇಷ್ಟವಾಗಿಬಿಡುತ್ತದೆ. ಆ ಉಂಗುರವನ್ನು ನಿಮ್ಮ ಆಟದಲ್ಲಿ ಬೇಗನೇ ತನ್ನಿ.

ತಕರಾರು ಇರುವುದು ಬೀಸ್ಟ್ ಬಾಯ್ ಬಗ್ಗೆ. ಹಸಿರು ಚರ್ಮ ನೋಡಿ ಬಹಳ ಜನ ಅವನಿಗೂ ಟ್ರಾನ್ಸ್‌ಫಾರ್ಮ್ಡ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಸಿರಾಗಿದ್ದೇನೆ ಅನ್ನುವುದು ಅವನಿಗೆ ದೊಡ್ಡ ಚಿಂತೆಯೇ ಅಲ್ಲ. ನನ್ನನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲ ಅನ್ನುವುದು ಅವನ ಚಿಂತೆ. ಅದು ಬೀಕನ್‌ನ ಸಂಕಟ. ಪುಸ್ತಕದಲ್ಲಿ ಬೀಕನ್‌ಗೆ ದೊಡ್ಡ ಶಕ್ತಿ ಇರುವುದಿಲ್ಲ ನಿಜ. ಶಕ್ತಿಯ ಸಾಲನ್ನು ಹೊಡೆದುಹಾಕಿ 'ಪ್ರಾಣಿ ಆಗುತ್ತೇನೆ' ಅಂತ ಬರೆಯಿರಿ, ಏನೂ ಕೆಡುವುದಿಲ್ಲ. ಯಾವ ಪ್ರಾಣಿ ಆದರೂ ದಾಳ ಅದೇ, ಲೇಬಲ್ ಅದೇ. ಆನೆ ಆಗಿ ಬಾಗಿಲು ಮುರಿದರೂ, ಇಲಿ ಆಗಿ ಕೆಳಗೆ ನುಸುಳಿದರೂ ಫ್ರೀಕ್ ಹಾಕಿ ಉರುಳಿಸುವುದು. ಇಲ್ಲಿ ಚೀಟಿಯ ಅಗತ್ಯವೂ ಇಲ್ಲ.

ಟೆರ್ರಾಳನ್ನು ಆಟಗಾರರ ಕೈಗೆ ಕೊಡಬೇಡಿ. ದ್ರೋಹ ಮಾಡುತ್ತಾಳೆ ಅಂತ ಎಲ್ಲರಿಗೂ ಗೊತ್ತಿರುವ ಪಾತ್ರವನ್ನು ಆಡುವುದು ಯಾರಿಗೂ ಸುಖ ಅಲ್ಲ. ನೀವೇ ಇಟ್ಟುಕೊಳ್ಳಿ. ಅವಳ ಕಥೆಯಲ್ಲಿ ಕದಿಯಬೇಕಾದದ್ದು ದ್ರೋಹವನ್ನಲ್ಲ, ಅದಕ್ಕೂ ಮುಂಚಿನ ಒಂದು ಚಿಕ್ಕ ಘಟನೆಯನ್ನು. ತನಗೆ ಶಕ್ತಿಯ ಮೇಲೆ ಹಿಡಿತವಿಲ್ಲ ಅನ್ನುವುದನ್ನು ಯಾರಿಗೂ ಹೇಳಬೇಡ ಅಂತ ಬೀಸ್ಟ್ ಬಾಯ್‌ನಿಂದ ಮಾತು ತೆಗೆದುಕೊಳ್ಳುತ್ತಾಳೆ. ಅವನು ಹೇಳುವುದಿಲ್ಲ. ರಾಬಿನ್ ತಾನೇ ಊಹಿಸಿ, ಸಹಾಯ ಮಾಡೋಣ ಅಂತ ಅವಳ ಮುಂದೆ ಬಾಯಿಬಿಡುತ್ತಾನೆ. ಬೀಸ್ಟ್ ಬಾಯ್ ಮಾತು ಮುರಿದ ಅಂದುಕೊಂಡು ಅವಳು ಓಡಿಹೋಗುತ್ತಾಳೆ. ಇಲ್ಲಿ ಯಾರೂ ಕೆಟ್ಟವರಲ್ಲ. ಇಂಥ ಗುಟ್ಟೊಂದನ್ನು ಒಬ್ಬ ಆಟಗಾರನ ಕಿವಿಯಲ್ಲಿ ಹೇಳಿ ಬಿಟ್ಟುಬಿಡಿ. ಉಳಿದವರು ಒಂದಲ್ಲ ಒಂದು ದಿನ ಊಹಿಸುತ್ತಾರೆ.

ನೀವೇ ಟೈಟನ್ಸ್ ಆಗಬೇಕಾ ಅನ್ನುವುದಕ್ಕೆ ಬರುತ್ತೇನೆ. ಒಂದೇ ಸಂಜೆಯ ಆಟ ಅಂದರೆ ಧಾರಾಳವಾಗಿ ಆಗಿ, ಮಜಾ ಮಾಡಿ. ತಿಂಗಳುಗಟ್ಟಲೆ ಆಡುವುದಾದರೆ ಬೇಡ. ಎಲ್ಲರಿಗೂ ಕಥೆ ಬಾಯಿಪಾಠ ಇರುವಾಗ 'ರಾಬಿನ್ ಹಾಗೆ ಮಾಡಲ್ಲ ಕಣೋ' ಅನ್ನುವ ಮಾತು ಶುರುವಾಗುತ್ತದೆ. ಆಗ ದಾಳಕ್ಕೆ ಬೆಲೆ ಇರುವುದಿಲ್ಲ. ಟ್ರೈಗಾನ್ ಬಂದು ಸೋಲುತ್ತಾನೆ ಅಂತ ಮೊದಲೇ ಗೊತ್ತಿದ್ದರೆ ರೇವನ್‌ನ ಆ ಚೌಕಗಳಿಗೆ ಹೆದರುವವರು ಯಾರು? ಅದೇ ಐದು ಪ್ಲೇಬುಕ್ ಇಟ್ಟುಕೊಂಡು ಹೊಸ ಐವರನ್ನು ಮಾಡಿ. ಊರು ಬೇಕಾದರೆ ಅದೇ ಜಂಪ್ ಸಿಟಿ ಇರಲಿ, ಟೈಟನ್ಸ್ ಬೇರೆ ಕಡೆ ಹೋಗಿದ್ದಾರೆ, ಗೋಪುರ ಖಾಲಿ ಇದೆ.

ತಂಡ ಹೇಗೆ ಕೂಡಿತು ಅನ್ನುವುದನ್ನು ಮೊದಲ ದಿನವೇ ಎಲ್ಲರೂ ಸೇರಿ ಮಾಡಿ. ಕಾರ್ಟೂನ್ ಅದನ್ನು ಐದನೇ ಸೀಸನ್‌ವರೆಗೆ ತೋರಿಸಲಿಲ್ಲ. ಕೈಗೆ ಬೇಡಿ ಹಾಕಿಕೊಂಡು ಆಕಾಶದಿಂದ ಬಿದ್ದ ಸ್ಟಾರ್‌ಫೈರ್, ಅವಳ ಹಿಂದೆ ಬಂದವರು, ಹೀಗೆ. ಮಾಸ್ಕ್ಸ್‌ನಲ್ಲಿ ಇದಕ್ಕೆ ಪ್ರತಿ ಪ್ಲೇಬುಕ್ಕಿನಲ್ಲೂ ಒಂದು ಪ್ರಶ್ನೆ ಇದೆ, ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಾ ಹೋದರೆ ಕಥೆ ತಾನೇ ಕೂಡಿಕೊಳ್ಳುತ್ತದೆ.

ಖಳನಿಗೂ ಅದೇ ಐದು ಗುರುತುಗಳು. ಎಷ್ಟು ಕೊಡುತ್ತೀರೋ ಅಷ್ಟು ಗಟ್ಟಿ. ಸಿಂಡರ್‌ಬ್ಲಾಕ್ ಥರದವನಿಗೆ ಎರಡು ಸಾಕು. ಸ್ಲೇಡ್ ಥರದವನಿಗೆ ನಾಲ್ಕು ಕೊಡಿ, ತಪ್ಪಿತಸ್ಥ ಭಾವ ಮಾತ್ರ ಬಿಟ್ಟುಬಿಡಿ. ಮೊದಲ ದಿನ ಅವನು ಕಾಳಗಕ್ಕೆ ಬರುವುದು ಬೇಡ. ಎರಡು ಗುರುತಿನ ಗೂಂಡಾ ಒಬ್ಬನನ್ನು ಕಳಿಸಿ, ಅವನು ಬಿದ್ದ ಮೇಲೆ ಅವನ ಕಿವಿಯಲ್ಲಿರುವ ಯಂತ್ರದಿಂದ ಒಂದು ದನಿ ಬರಲಿ. ಪ್ರೊಟೆಜೆಯನ್ನು ಹೆಸರು ಹಿಡಿದು ಕರೆಯಲಿ, ಎರಡೇ ವಾಕ್ಯ ಹೊಗಳಲಿ. ಆಮೇಲೆ ಆ ಆಟಗಾರನ ಕಡೆ ತಿರುಗಿ ಕೇಳಿ: ಒಪ್ಪಿಕೊಳ್ಳುತ್ತೀಯಾ, ದಾಳ ಉರುಳಿಸುತ್ತೀಯಾ?